ಅವ್ವನ ಆಪರೇಶನ್ನಿಗೆ ಎಮ್ಮೆಯ ಒಪ್ಪಿಗೆ

ಮಿರಜಿನಲ್ಲಿ ತೆಗೆಸಿಕೊಂಡು ಬಂದಿದ್ದ ಸೋನೋಗ್ರಾಫಿಯ ಕರಿ ಹಾಳೆಯನ್ನು ನಿಪ್ಪಾಣಿಯ ಡಾಕ್ಟರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಪಿತ್ತದ ಚೀಲದಾಗ ಹರಳ ಆಗ್ಯಾವ್ರಿ ಮಾವಶಿ. ಚೀಲಾನ ತಗೀಬೇಕು" ಎಂದರು. ಅವ್ವ ಹೆದರಲಿಲ್ಲ. ಮನೆ ಸೋರುತ್ತದೆ, ಹೆಂಚು ತೆಗೆಯಬೇಕು ಎಂದು ಯಾರೋ ಹೇಳಿದ ಹಾಗೆ ಕೇಳಿಸಿಕೊಂಡಳು.

"ಎಷ್ಟ ದಿನಾ ಮಲಗಬೇಕಾಗತೈತ್ರಿ?"

"ದವಾಖಾನ್ಯಾಗ ಹತ್ತ ದಿನಾ. ಆಮ್ಯಾಲ ಮೂರ ತಿಂಗಳ ಭಾರ ಎತ್ತೂದಿಲ್ಲ, ಬಗ್ಗಿ ಕೆಲಸಾ ಮಾಡೂದಿಲ್ಲ."

ಹೆದರಿದ್ದು ಆಗ. "ಮೂರ ತಿಂಗಳಾ? ಹಂಗಾರ ಎಮ್ಮಿ?"

ಡಾಕ್ಟರು ಅಪ್ಪನ ಮುಖ ನೋಡಿದರು. ಅಪ್ಪ ತಲೆಯ ಮೇಲಿನ ಬಿಳಿ ಟೋಪಿಯನ್ನು ತೆಗೆದು, ಅದರ ಒಳಗೆ ಒಮ್ಮೆ ನೋಡಿ, ಮತ್ತೆ ಹಾಕಿಕೊಂಡ. ಉತ್ತರ ಸಿಗದಾಗಲೆಲ್ಲ ಅವನು ಹೀಗೇ ಮಾಡುತ್ತಿದ್ದ.

ಇದು ತೊಂಬತ್ತರ ಆಸುಪಾಸಿನ ಮಾತು. ಸದಲಗಾದ ಹತ್ತಿರದ ನಮ್ಮ ಊರಿನಲ್ಲಿ ನಮ್ಮದು ಕಬ್ಬು, ತಂಬಾಕು ಬೆಳೆಯುವ ಜೈನರ ಮನೆ. ಮನೆಯಲ್ಲಿ ಅಪ್ಪ, ಅವ್ವ, ನಾವು ಆಯಿ ಎಂದು ಕರೆಯುತ್ತಿದ್ದ ಅಪ್ಪನ ತಾಯಿ, ಚಿಕ್ಕೋಡಿಯಲ್ಲಿ ಕಾಲೇಜು ಮುಗಿಸಿ ಬಂದಿದ್ದ ನಾನು. ನನಗೆ ವರ ನೋಡುತ್ತಿದ್ದರು. ಈ ನಾಲ್ವರಲ್ಲದೆ ಒಂದು ಎಮ್ಮೆ ಇತ್ತು. ಅದನ್ನು ಕರುವಿದ್ದಾಗಿನಿಂದ ಅವ್ವನೇ ಸಾಕಿದ್ದಳು, ಅವ್ವನೇ ಹಿಂಡುತ್ತಿದ್ದಳು. ಬೇರೆ ಯಾರಾದರೂ ಚರಗಿ ಹಿಡಿದು ಹತ್ತಿರ ಹೋದರೆ ಅದು ಕೆಚ್ಚಲಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿತ್ತು. ಎಲ್ಲರಿಗಿಂತ ಹೆಚ್ಚು ಸಿಟ್ಟು ಅಪ್ಪನ ಮೇಲೆ. ದನದ ಡಾಕ್ಟರು ಸೂಜಿ ಚುಚ್ಚಲು ಬಂದಾಗಲೆಲ್ಲ ಹಗ್ಗ ಬಿಗಿಹಿಡಿದು "ಹೋ, ಹೋ" ಎಂದು ನಿಲ್ಲುತ್ತಿದ್ದವನು ಅವನೇ ಅಲ್ಲವೇ. ಅಪ್ಪನ ಧ್ವನಿ ಕೇಳಿದರೆ ಸಾಕು, ಕಿವಿ ಹಿಂದೆ ಮಾಡಿ ಕಾಲು ಝಾಡಿಸುತ್ತಿತ್ತು.

ಹೊಟ್ಟೆ ಬೇನೆ ಅವ್ವನಿಗೆ ಹೊಸದೇನಲ್ಲ. ಬೇನೆ ಬಂದಾಗ ಓಂಕಾಳು ಜಗಿಯುವಳು, ಬಿಸಿನೀರಿಗೆ ಇಂಗು ಹಾಕಿ ಕುಡಿಯುವಳು, ಒಲೆಯ ಮುಂದೆ ಮಂಡಿ ಎದೆಗೊತ್ತಿಕೊಂಡು ಕೂತು ರೊಟ್ಟಿ ಬಡಿಯುವಳು. "ಪಿತ್ತ" ಎಂದು ಅವಳೇ ಹೇಳುತ್ತಿದ್ದಳು, ನಾವು ಅದನ್ನೇ ನಂಬಿದ್ದೆವು. ಆ ವರ್ಷ ಸಂಕ್ರಾಂತಿಯ ಮುಂದೆ ಬೇನೆ ಬೆನ್ನಿಗೂ ಭುಜಕ್ಕೂ ಏರಿ ಅವಳು ಕೊಟ್ಟಿಗೆಯಲ್ಲೇ ಕುಸಿದು ಕೂತ ಮೇಲೆಯೇ ಮಿರಜು, ಸೋನೋಗ್ರಾಫಿ, ನಿಪ್ಪಾಣಿ ಎಲ್ಲ.

ಆಪರೇಶನ್ನಿಗೆ ಒಂದು ದಿನ ಗೊತ್ತಾಯಿತು. ಎಮ್ಮೆಯ ವಿಷಯ ಏನಾದರೂ ಒಂದು ಮಾಡೋಣ ಎಂದುಕೊಂಡು ಅವ್ವನನ್ನು ಹಿಂದಿನ ದಿನವೇ ನಿಪ್ಪಾಣಿಯ ದವಾಖಾನೆಗೆ ಸೇರಿಸಿದೆವು. ಸಂಜೆ ಸಿಸ್ಟರು ಬಂದು ಹೇಳಿದರು: "ಅಜ್ಜಿ, ರಾತ್ರಿಯಿಂದ ಏನೂ ತಿನ್ನಬಾರದು, ನೀರೂ ಕುಡಿಬಾರದು, ತಿಳೀತ?"

ಅಜ್ಜಿ ಎಂದದ್ದಕ್ಕೇ ಅವ್ವನಿಗೆ ಅರ್ಧ ಸಿಟ್ಟು ಬಂದಿತ್ತು. "ಹೊತ್ತ ಮುಳಗಿದ ಮ್ಯಾಲ ನಾವು ಜೈನರು ಏನೂ ತಿನ್ನೂದಿಲ್ರಿ."

ಸ್ವಲ್ಪ ಹೊತ್ತಿಗೆ ಮತ್ತೊಬ್ಬ ಸಿಸ್ಟರು ಬಂದರು. "ಏನೂ ತಿಂದಿಲ್ಲ ಅಲ್ರಿ? ಹಾಲು, ಹಣ್ಣು?" ಅವರು ಹೋದ ಮೇಲೆ ಕಸ ಹೊಡೆಯುವ ಆಯಾ ಬಂದು ಅದನ್ನೇ ಮರಾಠಿಯಲ್ಲಿ ಕೇಳಿದಳು. ಬೆಳಿಗ್ಗೆ ಸಣ್ಣ ಡಾಕ್ಟರು ಬಂದು ಬಾಯಿ ತೆರೆಸಿ ನಾಲಿಗೆ ನೋಡಿದಾಗ ಅವ್ವನ ಸಹನೆ ಮುಗಿಯಿತು.

"ಮದುವ್ಯಾಗಿ ಬಂದಾಗಿಂದ ದಿನಾ ರಾತ್ರಿ ಆಪರೇಶನ್ನಿಗೆ ತಯಾರಾಗೇ ಮಲ್ಕೊಂಡೀನ್ರಿ ನಾ. ನೀವ ಬರೂದ ತಡಾ ಮಾಡೀರಿ."

ಅಷ್ಟರಲ್ಲಿ ಮೂಗುಬಟ್ಟಿನ ತಕರಾರು ಶುರುವಾಯಿತು. ಮೈಮೇಲೆ ಬಂಗಾರ ಇರಬಾರದು ಎಂದು ಸಿಸ್ಟರು ಹೇಳಿದ್ದರು. ಕಿವಿಯದು ಬಂತು, ಕೊರಳಿನದನ್ನು ಅವ್ವ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. ಮೂಗುಬಟ್ಟು ಮಾತ್ರ ಅಲುಗಲಿಲ್ಲ. ಅದರ ತಿರುಪು ಮದುವೆಯ ಕಾಲದ್ದು, ಆಮೇಲೆ ಅದನ್ನು ಯಾರೂ ತಿರುಗಿಸಿರಲಿಲ್ಲ. ಎಣ್ಣೆ ಹಚ್ಚಿದರು, ಸಾಬೂನು ಹಚ್ಚಿದರು, ಸಿಸ್ಟರು ಹತ್ತಿಯಿಂದ ಹಿಡಿದು ಎಳೆದರು. ಮೂಗು ಬದನೆಕಾಯಿಯಂತೆ ಊದಿತು. ಕೊನೆಗೆ ಅಪ್ಪ ಪೇಟೆಗೆ ಹೋಗಿ ಬಂಗಾರದ ಕೆಲಸ ಮಾಡುವ ಒಬ್ಬ ಪತ್ತಾರನನ್ನು ಕರೆತಂದ. ಆತ ಚಿಮಟ ಹಿಡಿದುಕೊಂಡು ವಾರ್ಡಿನೊಳಗೆ ಬಂದದ್ದನ್ನು ನೋಡಿ ಪಕ್ಕದ ಮಂಚದ ಹೆಂಗಸು, ಆಪರೇಶನ್ ಮಾಡುವವನು ಇವನೇ ಎಂದು ತಿಳಿದು, ಗೋಡೆಯ ಕಡೆಗೆ ಹೊರಳಿ ಮುಸುಕೆಳೆದುಕೊಂಡಳು. ಆತ ತಿರುಪನ್ನು ಕತ್ತರಿಸಿಯೇ ತೆಗೆದ.

ಇಷ್ಟೆಲ್ಲ ಆದ ಮೇಲೆ ಬಿ.ಪಿ. ನೋಡಿದರು. ಮತ್ತೊಮ್ಮೆ ನೋಡಿದರು. ದೊಡ್ಡ ಡಾಕ್ಟರೇ ಬಂದು ನೋಡಿದರು. ಬಹಳ ಏರಿತ್ತು.

"ಮಾವಶಿ, ಮನಸ್ಸಿನ್ಯಾಗ ಏನರ ಚಿಂತಿ ಇಟ್ಕೊಂಡೀರೇನ್ರಿ?"

"ನನಗ್ಯಾತರ ಚಿಂತಿರಿ? ಏನೂ ಇಲ್ಲ" ಎಂದಳು ಅವ್ವ. ಅಪ್ಪನೂ "ಏನೂ ಇಲ್ರಿ" ಎಂದ. ಮೂಲೆಯಲ್ಲಿ ಕೂತು ಜಪಸರ ಎಣಿಸುತ್ತಿದ್ದ ಆಯಿ ಕಣ್ಣು ತೆರೆಯದೆಯೇ ಹೇಳಿದಳು: "ಎಮ್ಮಿ."

ಹಿಂದಿನ ಸಂಜೆಯಿಂದ ಪಕ್ಕದ ಮನೆಯ ಹೆಂಗಸು ನಮ್ಮ ಎಮ್ಮೆಯನ್ನು ಹಿಂಡಬೇಕಾಗಿತ್ತು. ಹಿಂಡಿಸಿಕೊಂಡಿತೋ, ಒದೆಯಿತೋ ಸುದ್ದಿ ಬಂದಿರಲಿಲ್ಲ. ಅವ್ವ ರಾತ್ರಿಯೆಲ್ಲ ಅದನ್ನೇ ಯೋಚಿಸುತ್ತಾ ಕಣ್ಣು ಬಿಟ್ಟುಕೊಂಡು ಮಲಗಿದ್ದಳೆಂದು ಆಯಿಗೆ ಗೊತ್ತಿತ್ತು. ಡಾಕ್ಟರು ನಗಲಿಲ್ಲ. ಅವರೂ ಒಕ್ಕಲುತನದ ಮನೆಯವರೇ. ಗುಳಿಗೆ ಬರೆದುಕೊಟ್ಟು ಅಪ್ಪನಿಗೆ ಹೇಳಿದರು: "ಒಂದ ವಾರ ಬಿಟ್ಟ ಬರ್ರಿ. ಅಷ್ಟರಾಗ ಮೊದಲ ಎಮ್ಮಿದ ವ್ಯವಸ್ಥಾ ಮಾಡ್ರಿ, ಆಮ್ಯಾಲ ನಾ ಇವರದ ಮಾಡತೀನಿ."

ಹಾಗೆ ನಾವು ತಿರುಪು ಮುರಿದ ಮೂಗುಬಟ್ಟನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಹರಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಮರಳಿದೆವು. ಅವ್ವ ಚಪ್ಪಲಿ ಬಿಡುವ ಮೊದಲೇ ಕೊಟ್ಟಿಗೆಗೆ ಹೋದಳು. ಪಕ್ಕದ ಮನೆಯವಳ ಮೊಣಕಾಲಿಗೆ ಅರಿಷಿಣ ಹಚ್ಚಿದ್ದರು. ಎಮ್ಮೆ ಹಿಂದಿನ ಸಂಜೆಯಿಂದ ಹಾಲು ಕೊಟ್ಟಿರಲಿಲ್ಲ.

ಮರುದಿನದಿಂದ ಮನೆಯಲ್ಲಿ ತಾಲೀಮು ಶುರುವಾಯಿತು. ಮೊದಲು ನಾನು. ಅವ್ವ ಪಕ್ಕದಲ್ಲಿ ನಿಂತು "ಹೆಬ್ಬಟ್ಟ ಮಡಚು, ಮೊಲಿ ಎಳೀಬ್ಯಾಡ" ಎಂದು ಕಲಿಸಿದಳು. ಎಮ್ಮೆ ತಿರುಗಿ ನನ್ನನ್ನು ಬಹಳ ಹೊತ್ತು ನೋಡಿ, ಬಾಲದಿಂದ ಕೆನ್ನೆಗೆ ಒಂದು ಕೊಟ್ಟಿತು. ಬಿ.ಎ. ಪಾಸಾದವಳೆಂಬ ಮರ್ಯಾದೆ ಅದಕ್ಕಿರಲಿಲ್ಲ. ಆಯಿಗೆ ಕೆಳಗೆ ಕೂತರೆ ಏಳಲು ಇಬ್ಬರು ಬೇಕು. ಅಪ್ಪ ಜಗುಲಿಯಿಂದಲೇ ಹೇಳಿದ: "ಮಾರಿಬಿಡೂಣು. ಚಿಂಚಲಿ ಜಾತ್ರ್ಯಾಗ ಚಲೋ ಗಿರಾಕಿ ಸಿಗತಾರ."

 ಆ ದಿನ ಅವ್ವ ಹೊತ್ತಿರುವಾಗಲೂ ಊಟ ಮಾಡಲಿಲ್ಲ, ಆಯಿಯೂ ಸೊಸೆಯ ಪಕ್ಷ ಹಿಡಿದು ಉಪವಾಸ ಕೂತಳು. ಎರಡು ಉಪವಾಸಗಳ ಎದುರು ಒಬ್ಬನೇ ಊಟ ಮಾಡಿದ ಅಪ್ಪನಿಗೆ ಬಿಕ್ಕಳಿಕೆ ಹತ್ತಿತು. ಎಮ್ಮೆ ಮಾರುವ ಮಾತು ಅಲ್ಲಿಗೆ ಮುಗಿಯಿತು.

ಉಪಾಯ ಹೇಳಿದವಳು ಆಯಿ. "ಎಮ್ಮಿ ಮಕಾ ನೋಡೂದಿಲ್ಲ, ವಾಸ್ನಿ ನೋಡತೈತಿ. ಆಕಿ ಉಟ್ಟ ಬಿಟ್ಟ ಸೀರಿ ಸುತ್ಕೊಂಡ ಕೂತ್ರ ಕೊಡತೈತಿ."

"ಹಂಗಾರ ನಿನ್ನ ಮೊಮ್ಮಗಳ ಸುತ್ಕೊಳ್ಳಲಿ" ಎಂದ ಅಪ್ಪ.

"ಆಕಿ ಕೈಯಾಗ ಕಸುವಿಲ್ಲ. ಕಸುವಿದ್ದ ಕೈ ನಿನ್ನವು."

ಅಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಟೋಪಿ ತೆಗೆದು ಒಳಗೆ ನೋಡಿದ. ಊರಿನಲ್ಲಿ ಅವನ ಮಾತಿಗೆ ತೂಕವಿತ್ತು. ಬಸದಿಯ ಪಂಚರಲ್ಲಿ ಒಬ್ಬ, ಹೊಲದ ಬದುವಿನ ಜಗಳಕ್ಕೆ ಜನ ಅವನನ್ನೇ ಕರೆಯುತ್ತಿದ್ದರು. "ಊರ ಮಂದಿ ನೋಡಿದ್ರ?" ಎಂದ.

"ಊರ ಮಂದಿಗೆ ನಮ್ಮ ಕೊಟಗ್ಯಾಗ ಏನ ಕೆಲಸ? ಬಾಗಲಾ ಹಾಕ್ಕೊ" ಎಂದಳು ಆಯಿ.

ಆ ಸಂಜೆ ಕೊಟ್ಟಿಗೆಯ ಬಾಗಿಲು ಹಾಕಿ, ಅಪ್ಪ ಧೋತರದ ಮೇಲೆಯೇ ಅವ್ವನ ಹಸಿರು ಇಳಕಲ್ ಸೀರೆಯನ್ನು ಸುತ್ತಿಕೊಂಡ. ಆಯಿ ನೆರಿಗೆ ಸಿಕ್ಕಿಸಿದಳು. ಅವ್ವ ಕೊಟ್ಟಿಗೆಯ ಕಂಬಕ್ಕೆ ಆತು ನಿಂತು ಸೆರಗು ಬಾಯಿಗೆ ತುರುಕಿಕೊಂಡಿದ್ದಳು. ನಗುವುದೂ ಅವಳಿಗೆ ನೋವು. ಅಪ್ಪ ಸೀರೆಗೆ ಒಪ್ಪಿದ, ಟೋಪಿ ತೆಗೆಯಲು ಒಪ್ಪಲಿಲ್ಲ. ಎಮ್ಮೆ ಸೀರೆಯನ್ನು ಮೂಸಿತು, ಸಮಾಧಾನವಾಯಿತು. ಮೇಲೆ ನೋಡಿ ಟೋಪಿ ಕಂಡು ಚರಗಿ ಒದೆಯಿತು. ಎರಡನೆಯ ದಿನ ಟೋಪಿ ಗೂಟಕ್ಕೆ ಹೋಯಿತು, ತಲೆಯ ಮೇಲೆ ಸೆರಗು ಬಂತು. ಕಾಲುಗಳ ನಡುವೆ ಚರಗಿ ಇಟ್ಟುಕೊಂಡು ಕೂತ ಅಪ್ಪ ಅಭ್ಯಾಸ ಬಲದಿಂದ "ಹೋ, ಹೋ" ಎಂದುಬಿಟ್ಟ. ಅಷ್ಟೇ, ಇಳಿಯುತ್ತಿದ್ದ ಹಾಲು ನಿಂತುಹೋಯಿತು. ಆಯಿ ಅಪ್ಪಣೆ ಕೊಡಿಸಿದಳು: "ಚರಗಿ ತುಂಬೂತನಾ ತುಟಿ ಪಿಟ್ ಅನ್ನಬ್ಯಾಡ. ಮನಿಗೆ ಬೆಂಕಿ ಬಿದ್ರೂ ಮಾತಾಡಬ್ಯಾಡ." ಬೇರೆಯವರು ಮಾತಾಡಿದರೆ ಎಮ್ಮೆಗೆ ಏನೂ ಇಲ್ಲ, ಅಪ್ಪನ ಧ್ವನಿಯೊಂದೇ ಆಗದು.

ಮೂರನೆಯ ಸಂಜೆ ಮಾಮಾ ಬಂದ. ಅವ್ವನ ತಮ್ಮ, ಅಥಣಿಯ ಕಡೆ ಒಕ್ಕಲುತನ ಮಾಡುವವನು. ಅಕ್ಕನ ಗಂಡನನ್ನು ದಾಜಿ ಎಂದು ಕರೆಯುವುದು ನಮ್ಮ ಕಡೆಯ ರೂಢಿ. ಆ ದಾಜಿಯ ಎದುರು ಮಾಮಾ ಎಂದೂ ತಲೆಯೆತ್ತಿ ಮಾತಾಡಿದವನಲ್ಲ. ಮಂಚದ ತುದಿಯಲ್ಲಿ ಕೂತು, ಕೇಳಿದ್ದಕ್ಕೆ "ಹೌದ್ರಿ ದಾಜಿ, ಇಲ್ರಿ ದಾಜಿ" ಎನ್ನುವುದನ್ನು ಬಿಟ್ಟರೆ ಅವನ ಧ್ವನಿಯನ್ನೇ ನಾವು ಕೇಳಿರಲಿಲ್ಲ. ಆಪರೇಶನ್ ಮುಂದೆ ಹೋಯಿತೆಂಬ ಸುದ್ದಿ ತಿಳಿದು ಗಾಬರಿಯಿಂದ ಬಂದಿದ್ದ. ಹಿತ್ತಲ ಕಡೆಯಿಂದ ಬಂದವನು ನೇರ ಕೊಟ್ಟಿಗೆಯ ಬಾಗಿಲು ನೂಕಿದ. ಹೊರಗೆ ಇನ್ನೂ ಬಿಸಿಲಿತ್ತು, ಒಳಗೆ ಕತ್ತಲೆ. ಎಮ್ಮೆಯ ಆ ಬದಿಗೆ ಹಸಿರು ಸೀರೆಯ ಬೆನ್ನು ಕಂಡಿತು, ಹಾಲು ಚರಗಿಗೆ ಬೀಳುವ ಸದ್ದು ಕೇಳಿತು. ಮಾಮಾ ಅಲ್ಲೇ ನಿಂತುಬಿಟ್ಟ.

"ಅಕ್ಕಾ! ನಿನಗ ಬುದ್ಧಿ ಐತೇನ? ಹೊಟ್ಟಿ ಕೊಯ್ಸಿಕೊಳ್ಳಾಕಿ ಎಮ್ಮಿ ಹಿಂಡಾಕತ್ತೀಯಲ್ಲ!"

ನಾನು ಗೋದಲಿಯ ಹತ್ತಿರ ಮೇವು ಹಿಡಿದು ನಿಂತಿದ್ದೆ. "ಮಾಮಾ..." ಎಂದು ಬಾಯಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಆಯಿ ನನ್ನ ಮೀನಖಂಡವನ್ನು ಚಿವುಟಿದಳು. "ಹಾಲ ಇಳದಾವ, ಸುಮ್ಕ ನಿಂದರ" ಎಂದು ಪಿಸುಗುಟ್ಟಿದಳು.

ಹಸಿರು ಸೀರೆ ಉತ್ತರ ಕೊಡಲಿಲ್ಲ. ಅಕ್ಕ ಅಳುತ್ತಿದ್ದಾಳೆ ಎಂದುಕೊಂಡನೋ ಏನೋ, ಮಾಮಾ ಹೊಸ್ತಿಲ ಮೇಲೆ ಬಂದು ನಿಂತ. ಇಷ್ಟು ವರ್ಷ ಮಂಚದ ತುದಿಯಲ್ಲಿ ಕೂತು ನುಂಗಿದ್ದೆಲ್ಲ ಹೊರಗೆ ಬಂತು.

"ನಿನಗೇನ ಅನ್ನೂದು? ಆ ನಿನ್ನ ಗಂಡಗ ಅನ್ನಬೇಕು. ಎಲ್ಲಿ ಹೋಗ್ಯಾನ ಆ ದೊಡ್ಡ ಪಂಚ? ಮಂದಿ ನ್ಯಾಯಾ ಹರಿಯಾಕ ಹೋಗ್ಯಾನೇನ? ಹೊಲದಾಗಿನ ಇಂಜಿನ್ ಕೆಮ್ಮಿದ್ರ ಅದನ್ನ ಗಾಡ್ಯಾಗ ಹಾಕ್ಕೊಂಡ ಕೊಲ್ಲಾಪುರಕ್ಕ ಓಡತಾನ. ನೀ ವರ್ಷಗಟ್ಲೆ ಹೊಟ್ಟಿ ಹಿಡ್ಕೊಂಡ ಕೂತ್ರ ಓಂಕಾಳ ತಿನ್ನು ಅಂತಾನ! ಇಂಜಿನ್ನಿಗೂ ಓಂಕಾಳ ತಿನಸಬೇಕಾಗಿತ್ತಲ್ಲ?"

ಸೀರೆಯ ಬೆನ್ನು ಸ್ವಲ್ಪ ಅಲುಗಿತು. ಹಾಲಿನ ಸದ್ದು ಮಾತ್ರ ನಿಲ್ಲಲಿಲ್ಲ.

"ನಮ್ಮಪ್ಪಾರ ಇದ್ದಾಗ ಹೇಳಿದ್ನಿ ನಾ, ಆ ಮನಿ ಮಂದಿ ಬರೇ ಠೀವಿ ಅಂತ. ಯಾರ ಕೇಳಿದ್ರು? ಇನ್ನ ಆ ಮುದಿಕಿ, ಜಪಸರ ಹಿಡ್ಕೊಂಡ ಕೂತ್ರ ಮನ್ಯಾಗ ಯಾರ ಸತ್ರು, ಯಾರ ಇದ್ರು..."

ಆಯಿ ಕೆಮ್ಮಿದಳು. ಮಾಮಾ ಕತ್ತಲೆಯಲ್ಲಿ ಕಣ್ಣು ಕಿರಿದುಮಾಡಿ ನೋಡಿದ. ಆಯಿ ಕಂಡಳು, ನಾನು ಕಂಡೆ. ಅದೇ ಹೊತ್ತಿಗೆ ಚರಗಿ ತುಂಬಿತು. ಅಪ್ಪ ಎದ್ದು, ಸೆರಗು ಹಿಂದೆ ಸರಿಸಿ, ಇತ್ತ ತಿರುಗಿದ. ಹಸಿರು ಇಳಕಲ್ ಸೀರೆಯ ಮೇಲೆ ಅವನ ದಪ್ಪ ಬಿಳಿ ಮೀಸೆ ಕಂಡಾಗ ಮಾಮಾ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅವನ ಬಾಯಿಂದ ಬಂದದ್ದು ಒಂದೇ ಮಾತು: "ಆರಾಮ ಅದೀರೇನ್ರಿ ದಾಜಿ?"

ಅಪ್ಪ ಚರಗಿಯನ್ನು ನನ್ನ ಕೈಗೆ ಕೊಟ್ಟ. "ಹೊತ್ತ ಮುಳಗೂದ್ರಾಗ ಮಾಮಾಗ ಚಾ ಮಾಡು" ಎಂದ. ಆಮೇಲೆ ಮಾಮಾನನ್ನು ನೋಡಿ, "ಉಳದದ್ದು ಒಳಗ ಕೂತ ಹೇಳ್ರಿ, ಬರ್ರಿ" ಎಂದು ಮುಂದೆ ನಡೆದ. ಸೀರೆ ಕಾಲಿಗೆ ತೊಡರಿ ಹೊಸ್ತಿಲಲ್ಲಿ ಎಡವಿದ. ಮಾಮಾ ಓಡಿಹೋಗಿ ನೆರಿಗೆ ಎತ್ತಿಹಿಡಿದ.

ಅಂದು ಮಾಮಾ ಮಂಚದ ತುದಿಯಲ್ಲೂ ಕೂರಲಿಲ್ಲ, ನಿಂತೇ ಚಹಾ ಕುಡಿದ. ಅವ್ವನಿಗೆ ವಿಷಯ ತಿಳಿದು ಹೊಟ್ಟೆ ಹಿಡಿದುಕೊಂಡು "ನಗಿಸಬ್ಯಾಡ್ರಿ, ಸಾಯತೀನಿ" ಎಂದು ಗೋಳಾಡಿದಳು. ಅಪ್ಪ ನಗಲಿಲ್ಲ, ಸಿಟ್ಟೂ ಆಗಲಿಲ್ಲ. ಸೀರೆ ಬಿಚ್ಚಿ ಗಳುವಿಗೆ ಹಾಕಿ, ಅವ್ವನ ಹಾಸಿಗೆಯ ಹತ್ತಿರ ಕೂತು, "ಬ್ಯಾನಿ ಖರೇನ ಎಷ್ಟ ವರ್ಷದಿಂದ ಐತಿ?" ಎಂದು ಕೇಳಿದ. ಅವ್ವ ನಗು ನಿಲ್ಲಿಸಿದಳು. "ಈಗ್ಯಾಕ ಅದೆಲ್ಲಾ" ಎಂದಳು. ಅಪ್ಪ ಎದ್ದು ಹೋಗಲಿಲ್ಲ. ನಾನು ಅಡುಗೆಮನೆಯಲ್ಲಿ ಬೇಕಿಲ್ಲದ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತಿಕ್ಕಿದೆ.

ವಾರದ ಕೊನೆಗೆ ಎಮ್ಮೆ ಪೂರ್ತಿ ಒಪ್ಪಿಕೊಂಡಿತ್ತು. ಅಪ್ಪ ಕೂತ ಕೂಡಲೆ ಹಾಲಿಳಿಸುತ್ತಿತ್ತು. ಡೇರಿಯವನು ಅಳತೆ ಮಾಡಿ, "ಮೊದಲಿನಕಿಂತಾ ಜಾಸ್ತಿನ ಐತಲ್ರಿ" ಎಂದನಂತೆ. ಆ ಮಾತನ್ನು ಅಪ್ಪ ಮನೆಗೆ ಬಂದು ಹೇಳಬಾರದಿತ್ತು.

"ಇಷ್ಟ ವರ್ಷ ಸಾಕೀನಿ," ಎಂದಳು ಅವ್ವ, "ನಾಕ ದಿನದಾಗ ಮರತ ಬಿಡ್ತು. ಯಾರ ಸೀರಿ ಉಟ್ರೂ ಸರಿ ಅದಕ್ಕ." ದವಾಖಾನೆಗೆ ಹೊರಡುವ ದಿನ ಎಮ್ಮೆಯನ್ನು ಮಾತಾಡಿಸಲೂ ಇಲ್ಲ. ಅದರ ಮುಂದಿನಿಂದಲೇ ಹಾಯ್ದು ಬಂದು ಗಾಡಿ ಹತ್ತಿದಳು. ಎಮ್ಮೆ ಕೂಗಿತು. ಇವಳು ಹೊರಳಿ ನೋಡಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ಅಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ, "ನಿಮ್ಮವ್ವ ನಿನ್ನಿ ಉಟ್ಟ ಸೀರಿ ತೊಳ್ಯಾಕ ಹಾಕೀಯೇನ? ಹಾಕಬ್ಯಾಡ, ನನಗ ಬೇಕು" ಎಂದ.

ನಿಪ್ಪಾಣಿಯಲ್ಲಿ ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು. ಸರಿಯಾಗಿತ್ತು.

"ಎಮ್ಮಿ ಚಿಂತಿ ಹೋತೇನ್ರಿ ಮಾವಶಿ?"

"ಚಿಂತಿ ಹೋತ್ರಿ. ಈಗ ಅದರ ಮ್ಯಾಲ ಸಿಟ್ಟ ಬಂದೈತಿ."

"ಸಿಟ್ಟ ಬಂದ್ರೂ ಬಿ.ಪಿ. ಏರಬೇಕಲ್ರಿ?"

"ಮನ್ಯಾಗಿನವರ ಮ್ಯಾಲಿನ ಸಿಟ್ಟಿಗೆ ಎಲ್ಲೇರತೈತ್ರಿ? ರೂಢಿ ಆಗಿರತೈತಿ" ಎಂದಳು ಅವ್ವ. ಈ ಸಲ ಮೂಗು ಬರಿದಾಗಿತ್ತು, ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಸಿಸ್ಟರು ಅದನ್ನೂ ತೆಗೆಸಿದರು. ಹಸಿರು ಅಂಗಿ ತೊಡಿಸಿ ಗಾಲಿಯ ಮಂಚದ ಮೇಲೆ ಮಲಗಿಸಿದಾಗ ಮಾತ್ರ ಅವಳು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ತುಟಿಗಳು ಅಲುಗುತ್ತಿದ್ದವು, ಣಮೋಕಾರ ಮಂತ್ರ ಹೇಳಿಕೊಳ್ಳುತ್ತಿದ್ದಳು. ಬಾಗಿಲು ಮುಚ್ಚಿದ ಮೇಲೆ ನಾನೂ ಅದನ್ನೇ ಹೇಳಲು ನೋಡಿದೆ, ಎರಡನೆಯ ಸಾಲಿಗೇ ಮರೆತುಹೋಯಿತು.

ಅಪ್ಪ ಬೆಳಗಿನ ಹಿಂಡುವಿಕೆ ಮುಗಿಸಿ ಸಿಕ್ಕ ಬಸ್ಸು ಹತ್ತಿ ಬಂದ. ನಮ್ಮ ಜೊತೆ ಬಂದಿದ್ದ ಮಾಮಾ ಅವನಿಗೆ ಬೆಂಚಿನ ಮೇಲೆ ಜಾಗ ಬಿಟ್ಟು ಎದ್ದು ನಿಂತ. ಅಪ್ಪ ಅವನ ತೋಳು ಹಿಡಿದು ಎಳೆದು ಪಕ್ಕದಲ್ಲೇ ಕೂಡಿಸಿಕೊಂಡ. ಇಬ್ಬರೂ ಮುಚ್ಚಿದ ಬಾಗಿಲನ್ನು ನೋಡುತ್ತಾ ಕೂತರು.

ಡಾಕ್ಟರು ಹೊರಗೆ ಬಂದು ಎಲ್ಲ ಚೆನ್ನಾಗಿ ಆಯಿತೆಂದರು. ಮಧ್ಯಾಹ್ನ ಅವ್ವ ಅರೆ ಎಚ್ಚರದಲ್ಲಿ ಏನೋ ಬಡಬಡಿಸಿದಳು. ಸಿಸ್ಟರು ಬಗ್ಗಿ ಕೇಳಿ, "ಹಿಂಡಿ ಅಂತಾರಲ್ರಿ. ಹಿಂದಿ ಮಾತಾಡತಾರೇನ್ರಿ?" ಎಂದರು. ಎಮ್ಮೆಗೆ ಹಿಂಡಿ ನೆನೆಹಾಕಿದ್ದೀರಾ ಎಂದು ಅವಳು ಕೇಳುತ್ತಿದ್ದಳು. ಅಪ್ಪ ಅವಳ ಕಿವಿಯ ಹತ್ತಿರ ಬಾಗಿ "ಹಾಕೀನಿ" ಎಂದ. ಅವಳು ಮತ್ತೆ ನಿದ್ದೆಹೋದಳು.

ಮನೆಗೆ ಕಳಿಸುವಾಗ ಡಾಕ್ಟರು ಒಂದು ಸಣ್ಣ ಗಾಜಿನ ಬಾಟಲಿಯಲ್ಲಿ ಹರಳುಗಳನ್ನು ಹಾಕಿ ಕೊಟ್ಟರು. ಕಡಲೆಕಾಳಿನಷ್ಟು, ಹೆಸರುಕಾಳಿನಷ್ಟು, ಕಂದು ಹಳದಿ ಬಣ್ಣದವು. ಮಾತಾಡಿಸಲು ಬಂದವರಿಗೆಲ್ಲ ಅವ್ವ ಅದನ್ನು ಕುಲುಕಿ ತೋರಿಸಿದಳು. ಜನ ಬೆಳಕಿಗೆ ಹಿಡಿದು ನೋಡಿದರು, ಮುಚ್ಚಳ ತೆಗೆದು ಮೂಸಿದರು. ಹಿರಿಯರೊಬ್ಬರು ಇದರಲ್ಲಿ ಒಂದು, ಹಸುವಿನ ಪಿತ್ತದಲ್ಲಿ ಸಿಗುವಂಥ ಗೋರೋಜನ ಇರಬಹುದೆಂದು ಹೇಳಿ ಹೋದರು. ನಮ್ಮ ಓಣಿಯ ಕೊನೆಯ ಮನೆಯ ಹೆಂಗಸು ಮಾತ್ರ ಬಾಟಲಿ ನೋಡಿ ಮುಖ ಸಣ್ಣದು ಮಾಡಿಕೊಂಡಳು. ಅವಳಿಗೂ ಹಿಂದಿನ ವರ್ಷ ಬೇರೊಂದು ಊರಿನಲ್ಲಿ ಇದೇ ಆಪರೇಶನ್ ಆಗಿತ್ತು, ಆದರೆ ಅವಳಿಗೆ ಹರಳು ಕೊಟ್ಟಿರಲಿಲ್ಲ. ಮರುದಿನವೇ ಬಸ್ಸು ಹತ್ತಿ ಕೇಳಲು ಹೋದಳು. ಅವನ್ನು ಅಂದೇ ಚೆಲ್ಲಿದ್ದಾರೆ ಎಂಬ ಉತ್ತರ ತೆಗೆದುಕೊಂಡು ಬಂದು ನಮ್ಮ ಜಗುಲಿಯಲ್ಲಿ ಕೂತು ಕಣ್ಣೊರೆಸಿಕೊಂಡಳು.

"ನನ್ನವು ಇವಕಿಂತಾ ದೊಡ್ಡವ ಇದ್ದೂವಂತ ಅಕ್ಕಾ. ತೋರಸಾಕ ಒಂದೂ ಇಲ್ಲ."

ದಿಂಬಿಗೆ ಒರಗಿದ್ದ ಅವ್ವ ಎದ್ದು ಕೂತಳು. ಆಮೇಲೆ ಬಾಟಲಿಯ ಮುಚ್ಚಳ ತೆಗೆದು, ಅಂಗೈಯಲ್ಲಿ ಸುರುವಿಕೊಂಡು, ಅವುಗಳಲ್ಲಿ ದಪ್ಪವಾದ ಎರಡನ್ನು ಆರಿಸಿ ಅವಳ ಕೈಯಲ್ಲಿಟ್ಟಳು. ಅವಳು ಬೇಡವೆನ್ನಲಿಲ್ಲ. ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಕಣ್ಣೊರೆಸಿಕೊಂಡು, ಮನೆಗೆ ಹೋದಳು.